ಕಿಕ್ಕಿರಿದ ಆಕಾಶದಲ್ಲಿ ಒಂದು ಮಸುಕು ಕಾಯ: ಗೌರಿಬಿದನೂರಿನಿಂದ ಒಂದು ಪರಿಶೀಲನೆ

2006ರ ಜನವರಿ 19ರಂದು ಹೊರಟ ನ್ಯೂ ಹೊರೈಜನ್ಸ್ ನೌಕೆ ಪ್ಲೂಟೊವನ್ನು ದಾಟಿದ ಮೇಲೆ ಕೈಪರ್ ಪಟ್ಟಿಯ ಇನ್ನೊಂದು ಕಾಯವನ್ನೂ ಕಾಣಬೇಕಿತ್ತು. ಆ ಕಾಯ ಯಾವುದೆಂಬುದು ನೌಕೆ ಹೊರಟಾಗ ಯಾರಿಗೂ ಗೊತ್ತಿರಲಿಲ್ಲ. ಇಂಥ ಹುಡುಕಾಟದ ಕಷ್ಟವನ್ನು ದೂರದ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಬಿಸಿಲು ಹೋಗುವಾಗಲೂ ಕ್ಷೀಣಿಸುತ್ತದೆ, ಪ್ರತಿಫಲಿಸಿ ಮರಳುವಾಗಲೂ ಕ್ಷೀಣಿಸುತ್ತದೆ. ದೂರ ಇಮ್ಮಡಿಯಾದರೆ ಹೊಳಪು ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಆದರೂ ಈ ಪ್ರಕರಣದಲ್ಲಿ ದೂರದಷ್ಟೇ ಕಾಡಿದ್ದು ಹಿನ್ನೆಲೆ ಎಂಬುದು ನನ್ನ ವಾದ.

ಗೌರಿಬಿದನೂರಿನ ಬಳಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ ರೇಡಿಯೊ ದೂರದರ್ಶಕವನ್ನು ನೆನೆಯಿರಿ. 'ಟಿ' ಆಕಾರದಲ್ಲಿ ಹರಡಿದ 1000 ದ್ವಿಧ್ರುವ ಆಂಟೆನಾಗಳು, ಪೂರ್ವ–ಪಶ್ಚಿಮವಾಗಿ ಸುಮಾರು 1.4 ಕಿ.ಮೀ. ಉದ್ದದ ತೋಳು, 34.5 ಮೆಗಾಹರ್ಟ್ಸ್ ಆವರ್ತನ. ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 1990ರಲ್ಲಿ ಪ್ರಕಟಿಸಿದ ಆಕಾಶ ನಕ್ಷೆ ಇಲ್ಲಿಯದೇ. ಸುಮಾರು 8.7 ಮೀಟರ್ ತರಂಗಾಂತರದಲ್ಲಿ ಆಕಾಶಗಂಗೆಯೇ ಧಗಧಗಿಸುತ್ತದೆ, ಧನು ರಾಶಿಯ ಕಡೆಗಂತೂ ಇನ್ನೂ ಹೆಚ್ಚು. ಹೆಪ್ಪುಗಟ್ಟಿದ ಪುಟ್ಟ ಕಾಯವನ್ನು ಈ ಯಂತ್ರ ಹಿಡಿಯಲಾರದು. ಆದರೆ ಬೇಕಾದುದನ್ನು ಆಕಾಶಗಂಗೆಯ ಪ್ರಭೆಯಿಂದ ಬಿಡಿಸಿಕೊಳ್ಳುವ ಕಷ್ಟ ಎರಡೂ ಕಡೆ ಒಂದೇ. ನೌಕೆ ದಾಟಿದ 2015ರಲ್ಲಿ ಪ್ಲೂಟೊ ಇದ್ದದ್ದೂ ಧನುವಿನಲ್ಲೇ. ಗೌರಿಬಿದನೂರಿನ ನೆತ್ತಿಯಿಂದ ದಕ್ಷಿಣಕ್ಕೆ ಸುಮಾರು 34 ಡಿಗ್ರಿ ಕೆಳಗೆ.

ನಕ್ಷತ್ರಗಳು ಒಂದರ ಮೇಲೊಂದು ಬಿದ್ದಂತಿರುವ ಆ ದಿಕ್ಕಿನಲ್ಲೇ ನೌಕೆಯ ಮುಂದಿನ ಕಾಯವನ್ನು ಹುಡುಕುತ್ತ ಸುಬಾರು, ಮೆಗೆಲನ್ ದೂರದರ್ಶಕಗಳು ವರ್ಷಗಟ್ಟಲೆ ಚಿತ್ರ ತೆಗೆದವು. ಹೊಸ ಕಾಯಗಳು ಹತ್ತಾರು ಸಿಕ್ಕವು. ನೌಕೆಯಲ್ಲಿ ಉಳಿದ ಇಂಧನಕ್ಕೆ ನಿಲುಕುವುದು ಒಂದೂ ಇರಲಿಲ್ಲ. ಚಲಿಸುವುದನ್ನು ನಿಂತ ತಾರೆಗಳಿಂದ ಬೇರ್ಪಡಿಸುವ ಈ ವಿಧಾನ ನಮಗೆ ಅಪರಿಚಿತವೇನಲ್ಲ: ಕವಲೂರಿನ ವೀಕ್ಷಣಾಲಯದಲ್ಲಿ ಆರ್. ರಾಜಮೋಹನ್ 1988ರ ಫೆಬ್ರವರಿ 17ರಂದು ರಾಮಾನುಜನ್ ಕ್ಷುದ್ರಗ್ರಹವನ್ನು ಪತ್ತೆ ಮಾಡಿದ್ದೂ ಹೀಗೆಯೇ. ಆದರೆ ಅದು ಮಂಗಳ–ಗುರುಗಳ ನಡುವಿನದು, ನೆರೆಮನೆಯ ದೀಪ. ಇಲ್ಲಿ ವಾಯುಮಂಡಲದ ಮಸುಕನ್ನೇ ದಾಟಬೇಕಾಯಿತು. ಬಾಹ್ಯಾಕಾಶದಲ್ಲಿರುವ ಹಬಲ್ ದೂರದರ್ಶಕದ 2014ರ ಜೂನ್ 26ರ ಚಿತ್ರಗಳಲ್ಲಿ ಸಿಕ್ಕ ಚುಕ್ಕೆಯೇ ಇಂದಿನ ಅರೊಕೊತ್.

ಸಿಕ್ಕ ಮೇಲೂ ಅದರ ಆಕಾರ, ಗಾತ್ರ ಹಬಲ್‌ಗೆ ದಕ್ಕಲಿಲ್ಲ. ಅದಕ್ಕೆ ಒದಗಿದ್ದು ಅದುವರೆಗೆ ಅಡ್ಡ ನಿಂತಿದ್ದ ಹಿನ್ನೆಲೆಯ ನಕ್ಷತ್ರಗಳೇ. 2017ರ ಜುಲೈ 17ರಂದು ಅರೊಕೊತ್ ಒಂದು ತಾರೆಯನ್ನು ಮರೆಮಾಡಿತು. ಅರ್ಜೆಂಟೀನಾದಲ್ಲಿ ಸಾಲಾಗಿ ನಿಲ್ಲಿಸಿದ್ದ 24 ಕಿರು ದೂರದರ್ಶಕಗಳಲ್ಲಿ ಐದರ ಮೇಲೆ ಆ ನೆರಳು ಬಿತ್ತು. ಅದು ಒಂದೇ ಉಂಡೆಯಲ್ಲ, ಬಹುಶಃ ಜೋಡಿ ಎಂಬ ಸುಳಿವು ಆ ಐದು ನೆರಳುಗಳಿಂದಲೇ ಸಿಕ್ಕಿತು. 2019ರ ಜನವರಿ 1ರಂದು ನೌಕೆ ಸುಮಾರು 3500 ಕಿ.ಮೀ. ಅಂತರದಲ್ಲಿ ಹಾದುಹೋದಾಗ ಕಂಡದ್ದೂ ಅಂಟಿಕೊಂಡ ಎರಡು ಉಂಡೆಗಳನ್ನೇ.