ಕರೆಂಟು ಬಂತು, ಅರ್ತಿಂಗ್ ಬರಲಿಲ್ಲ

ಭರಣಿ, ಕೃತ್ತಿಕೆ ಮಳೆ ಹೊತ್ತಿಗೆ ನಮ್ಮ ನಂಜನಗೂಡು, ತಿ. ನರಸೀಪುರದ ಕಡೆ ಗುಡುಗು ಶುರುವಾದರೆ ಹಿಂದೆ ಅಜ್ಜಿಯರು ‘ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ’ ಅಂತ ಹೇಳಿಕೊಳ್ಳುತ್ತಿದ್ದರು. ಈಗ ಮೊದಲು ಕೇಳುವ ಮಾತು ಬೇರೆ: ‘ಟಿವಿ ಪ್ಲಗ್ ತೆಗೀರೋ!’ ಮಾತು ಬದಲಾದದ್ದು ಹೇಗೆ ಅಂತ ತಿಳಿಯಬೇಕಾದರೆ ನಮ್ಮ ಹೊಳೆಯ ಜೊತೆಗೇ ಹೋಗಬೇಕು.

ನಂಜನಗೂಡು ದಾಟಿದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿ ಸೇರಿ, ತಲಕಾಡು ಬಳಸಿ ಶಿವನಸಮುದ್ರದಲ್ಲಿ ಧುಮುಕುತ್ತಾಳೆ. ಆ ನೀರಿನಿಂದ ಕರೆಂಟು ತೆಗೆಯುವ ಯೋಜನೆಗೆ ಮುಂದಾದವರು ದಿವಾನ್ ಶೇಷಾದ್ರಿ ಅಯ್ಯರ್. 1902ರ ಜೂನ್‌ನಲ್ಲಿ ಕೇಂದ್ರ ಶುರುವಾಯಿತು. ಅಲ್ಲಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ತಂತಿ ಎಳೆದರು. ಆ ಕಾಲಕ್ಕೆ ಅದು ಪ್ರಪಂಚದ ಅತಿ ಉದ್ದದ ಲೈನುಗಳಲ್ಲಿ ಒಂದು. 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ಬೆಳಕು ಬಂತು. ನೀರು ಹರಿದ ದಾರಿಯ ಹಳ್ಳಿಗಳು ಇನ್ನೂ ಬಹಳ ವರ್ಷ ಕಾಯಬೇಕಾಯಿತು.

ಬಯಲಲ್ಲಿ ಅಷ್ಟುದ್ದ ತಂತಿ ಎಳೆದರೆ ಸಿಡಿಲಿಗೆ ಕರೆದಂತೆಯೇ. ಅದಕ್ಕೇ ಅಂಥ ಲೈನುಗಳಿಗೆ ‘ಲೈಟ್ನಿಂಗ್ ಅರೆಸ್ಟರ್’ ಹಾಕುವುದು ಆಗಲೇ ರೂಢಿಯಲ್ಲಿತ್ತು. ಅದರ ಕೆಲಸ ಸರಳ. ತಂತಿಗೂ ಭೂಮಿಗೂ ನಡುವೆ ಸಣ್ಣ ಸಂದು ಬಿಟ್ಟಿರುತ್ತಾರೆ. ಮಾಮೂಲಿ ಕರೆಂಟು ಅದನ್ನು ಹಾರಲಾರದು. ಸಿಡಿಲಿನ ಹೊಡೆತ ಹಾರಿ ಮಣ್ಣು ಸೇರುತ್ತದೆ. 1752ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಗಾಳಿಪಟದ ಪ್ರಯೋಗ ಮಾಡಿದ ಕಾಲದಿಂದ ತಿಳಿದಿದ್ದ ಪಾಠವೂ ಇದೇ: ಸಿಡಿಲನ್ನು ತಡೆಯಲಾಗದು, ನೆಲಕ್ಕೆ ದಾರಿ ಮಾಡಿಕೊಡಬಹುದು.

ಮನೆಗಳ ಕಥೆ ಹಾಗಾಗಲಿಲ್ಲ. 1979–80ರಲ್ಲಿ ಬಂದ ಭಾಗ್ಯಜ್ಯೋತಿ ಯೋಜನೆ ಬಡವರ ಮನೆಗೆ ಒಂದು ಬಲ್ಬು ಕೊಟ್ಟಿತು. ಒಂದು ಬಲ್ಬು ಉರಿಯಲು ಎರಡು ತಂತಿ ಸಾಕು, ಮೂರನೆಯ ಅರ್ತ್ ತಂತಿ ಬೇಕಿಲ್ಲ. ಆಮೇಲೆ ಅದೇ ವೈರಿಂಗ್‌ಗೆ ಟಿವಿ, ಮಿಕ್ಸಿ, ಫ್ರಿಜ್ಜು, ಕಂಪ್ಯೂಟರ್ ಒಂದೊಂದಾಗಿ ಸೇರಿದವು. ಮೂರು ಪಿನ್ನಿನ ಪ್ಲಗ್ ಬಂತು. ಎಷ್ಟೋ ಮನೆಗಳಲ್ಲಿ ಮೇಲಿನ ದೊಡ್ಡ ತೂತಿಗೆ ತಂತಿಯೇ ಇಲ್ಲ. ಕೆಲವರು ಅರ್ತ್ ತಂತಿಯನ್ನು ನಲ್ಲಿಯ ಕಬ್ಬಿಣದ ಪೈಪಿಗೆ ಸುತ್ತಿದ್ದರು. ಪೈಪು ಪಿವಿಸಿ ಆದ ದಿನವೇ ಆ ಅರ್ತಿಂಗ್ ಸತ್ತಿತು. ಬಲ್ಬು ಮಾತ್ರ ಉರಿಯುತ್ತಲೇ ಇತ್ತು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ.

ಇವತ್ತು ತಾಂಡ್ಯದಂಥ ಕೈಗಾರಿಕಾ ಪ್ರದೇಶದ ಸುತ್ತಲ ಹಳ್ಳಿಗಳಲ್ಲಿ ಈ ಅಂತರ ಯೋಚಿಸುವಂಥದ್ದು. ಫ್ಯಾಕ್ಟರಿಯಲ್ಲಿ ಯಂತ್ರಕ್ಕೆ ಅರ್ತಿಂಗ್ ಇದೆಯಾ ಅಂತ ಪರೀಕ್ಷೆ ಮಾಡುವುದು ಕೆಲಸದ ಒಂದು ಭಾಗ. ಅಲ್ಲೇ ದುಡಿದು, ಕಂತು ಕಟ್ಟಿ ಮಗಳ ಓದಿಗೆ ತಂದ ಕಂಪ್ಯೂಟರಿಗೆ ಆ ಪರೀಕ್ಷೆ ಮಾಡುವವರಿಲ್ಲ.

ಸಿಡಿಲು ಮನೆಗೇ ಬಡಿಯಬೇಕಿಲ್ಲ. ದೂರದ ಕಂಬಕ್ಕೋ ಅದರ ಹತ್ತಿರಕ್ಕೋ ಬಡಿದರೂ ಹೊಡೆತ ತಂತಿ ಹಿಡಿದು ಬರುತ್ತದೆ. ಗಾಳಿಗೆ ನ್ಯೂಟ್ರಲ್ ತಂತಿ ಕಿತ್ತರೆ 230 ವೋಲ್ಟ್ ಇರಬೇಕಾದ ಕಡೆ 400ರ ಹತ್ತಿರಕ್ಕೂ ಏರಬಹುದು. ಸ್ಟೆಬಿಲೈಜರ್ ವೋಲ್ಟೇಜ್ ಏರಿಳಿತಕ್ಕೆ ಆದೀತು, ಸಿಡಿಲಿಗೆ ಆಗದು. ಸ್ವಿಚ್ ಆಫ್ ಮಾಡಿದರೂ ಸಾಲದು. ಅಷ್ಟು ದೂರ ಹಾರಿ ಬಂದ ಸಿಡಿಲಿಗೆ ಸ್ವಿಚ್ಚಿನೊಳಗಿನ ಸಂದು ಯಾವ ಲೆಕ್ಕ?

ಪ್ಲಗ್ಗನ್ನೇ ಕೀಳಬೇಕು. ಇಂಟರ್‌ನೆಟ್ ವೈರು, ಡಿಶ್ ಕೇಬಲ್ಲನ್ನೂ ಬಿಚ್ಚಬೇಕು. ಇದನ್ನು ಮೋಡ ಕಟ್ಟುವಾಗಲೇ ಮಾಡಿ. ತಲೆ ಮೇಲೆ ಗುಡುಗುತ್ತಿದ್ದರೆ ಪ್ಲಗ್ ಮುಟ್ಟಬೇಡಿ. ಯಂತ್ರ ಹೋದರೆ ಹೋಗಲಿ. ಮೊಬೈಲಿನಲ್ಲಿ ‘ದಾಮಿನಿ’ ಆ್ಯಪ್ ಇದ್ದರೆ ಸಿಡಿಲು ಎಷ್ಟು ಹತ್ತಿರ ಬಂತೆಂದು ಮೊದಲೇ ತಿಳಿಯುತ್ತದೆ.

ಮಳೆಗಾಲಕ್ಕೆ ಮುಂಚೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ಗುಂಡಿ ಪರೀಕ್ಷೆ ಮಾಡಿಸಿ. ಅದು ಸರಿ ಇದ್ದರೆ ಮೇನ್ ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಬಹುದು. ಅರ್ತಿಂಗ್ ಇಲ್ಲದೆ ಅದನ್ನು ಹಾಕಿಸಿದರೆ ದುಡ್ಡು ದಂಡ, ಹೊಡೆತ ಇಳಿದುಹೋಗಲು ನೆಲವೇ ಇರುವುದಿಲ್ಲ.

ನಮ್ಮ ಹೊಳೆಯ ನೀರಿನ ಕರೆಂಟು ಗಣಿಗೆ ಹೋಗುವಾಗ ಸಿಡಿಲಿಗೊಂದು ದಾರಿ ಮಾಡಿಟ್ಟು ಹೋಯಿತು. ಮನೆಗೆ ಬರುವಾಗ ಆ ದಾರಿ ಬಿಟ್ಟುಹೋಯಿತು. ಅದನ್ನು ಈಗ ನಾವೇ ತೋಡಿಸಬೇಕು.