ಥ್ರೈಸ್

ಮೂರು ಸಲ ಎಂಬುದನ್ನು ಒಂದೇ ಪದದಲ್ಲಿ ಹೇಳುವ ಇಂಗ್ಲಿಷಿನ ಆವೃತ್ತಿವಾಚಕ. ಒಮ್ಮೆಗೆ ವನ್ಸ್, ಎರಡು ಸಲಕ್ಕೆ ಟ್ವೈಸ್, ಮೂರು ಸಲಕ್ಕೆ ಥ್ರೈಸ್. ಅಲ್ಲಿಗೆ ಸಾಲು ಮುಗಿಯುತ್ತದೆ. ನಾಲ್ಕರಿಂದ ಮುಂದಕ್ಕೆ ‘ಫೋರ್ ಟೈಮ್ಸ್’, ‘ಫೈವ್ ಟೈಮ್ಸ್’ ಎಂದು ಬಿಡಿಸಿಯೇ ಹೇಳಬೇಕು. ಎಷ್ಟು ಸಲ ಎಂಬುದಕ್ಕಷ್ಟೇ ಅಲ್ಲ, ಎಷ್ಟು ಪಟ್ಟು ಎಂಬುದಕ್ಕೂ ಈ ಪದ ಸಲ್ಲುತ್ತದೆ.

ಹಳೆಯ ಇಂಗ್ಲಿಷಿನಲ್ಲಿ ಇದಕ್ಕೆ ‘ಥ್ರಿವ’, ‘ಥ್ರಿಗ’ ಎಂಬ ರೂಪಗಳಿದ್ದವು. ಮಧ್ಯಕಾಲದಲ್ಲಿ ಕೊನೆಗೊಂದು ಸಕಾರ ಸೇರಿ ‘ಥ್ರಿಯೆಸ್’ ಆಯಿತು. ಈ ಸಕಾರದಲ್ಲೇ ಪದದ ಸ್ವಾರಸ್ಯವಿರುವುದು. ನೋಡಲು ಬಹುವಚನದಂತಿದ್ದರೂ ಅದು ಷಷ್ಠೀ ವಿಭಕ್ತಿಯ ಪ್ರತ್ಯಯ. ಷಷ್ಠಿಯಿಂದ ಕ್ರಿಯಾವಿಶೇಷಣ ಕಟ್ಟುವುದು ಜರ್ಮಾನಿಕ್ ಭಾಷೆಗಳ ಹಳೆಯ ರೂಢಿ; ರಾತ್ರಿಯ ಹೊತ್ತು ಎನ್ನಲು ಜರ್ಮನರು ಇಂದಿಗೂ ಬಳಸುವ ‘ನಾಖ್ಟ್ಸ್’ ಕೂಡ ಇದೇ ಬಗೆಯದು. ಮುಂದೆ ಇಂಗ್ಲಿಷಿನ ಎಷ್ಟೋ ಪದಗಳ ಕೊನೆಯ ಸಕಾರ ಮೆತ್ತಗಾಗಿ ‘ಝಡ್’ ಅಕ್ಷರದ ಉಚ್ಚಾರಕ್ಕೆ ತಿರುಗಿತು. ಥ್ರೈಸ್‌ನಲ್ಲಿ ಅದು ಗಟ್ಟಿಯಾಗಿಯೇ ಉಳಿಯಿತು. ಅದನ್ನು ಕಾಣಿಸಲೆಂದೇ ‘ಎಸ್’ ತೆಗೆದು ‘ಸಿ’, ‘ಇ’ ಅಕ್ಷರಗಳನ್ನು ಬರೆಯತೊಡಗಿದರು. ಪೆನ್ಸ್, ಸಿನ್ಸ್, ಹೆನ್ಸ್ ಪದಗಳ ಕಾಗುಣಿತವೂ ಹೀಗೆಯೇ ಬಂದದ್ದು.

ಇನ್ನೂ ಹಿಂದಕ್ಕೆ ಹೋದರೆ ಸಂಸ್ಕೃತದ ‘ತ್ರಿಃ’, ಗ್ರೀಕಿನ ‘ತ್ರಿಸ್’, ಲ್ಯಾಟಿನ್ನಿನ ‘ತೆರ್’ ಇದರ ಬಂಧುಗಳು. ದಿನಕ್ಕೆ ಮೂರು ಸಲ ಎಂದು ಸೂಚಿಸಲು ವೈದ್ಯರು ಔಷಧದ ಚೀಟಿಯಲ್ಲಿ ಬರೆಯುವ ‘ಟಿಡಿಎಸ್’ನ ಮೊದಲ ಅಕ್ಷರ ಆ ‘ತೆರ್’ನದೇ. ಸಂಸ್ಕೃತದಲ್ಲೂ ಈ ಸಾಲು ದೂರ ಹೋಗುವುದಿಲ್ಲ. ದ್ವಿಃ, ತ್ರಿಃ, ಚತುಃ ಎಂಬ ಮೂರು ರೂಪಗಳಿಗೆ ಪಾಣಿನಿ ಪ್ರತ್ಯೇಕ ಪ್ರತ್ಯಯ ವಿಧಿಸುತ್ತಾನೆ; ಐದರಿಂದ ‘ಪಂಚಕೃತ್ವಃ’ ಎಂಬಂಥ ಉದ್ದದ ರೂಪಗಳು. ಮತ್ತೆ ಮತ್ತೆ ಬಾಯಿಗೆ ಬರುವ ಸಣ್ಣ ಸಂಖ್ಯೆಗಳಿಗೇ ಭಾಷೆಗಳು ಚಿಕ್ಕ ಪದ ಉಳಿಸಿಕೊಂಡಿರುವುದು ಸಹಜ.

1611ರ ಇಂಗ್ಲಿಷ್ ಬೈಬಲಿನಲ್ಲಿ ಪೇತ್ರನು ಯೇಸುವನ್ನು ಅರಿಯೆನೆಂದದ್ದು ಥ್ರೈಸ್. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ನ ಮಾಟಗಾತಿಯರ ಬಾಯಲ್ಲೂ ಈ ಪದವಿದೆ. ವಿಶೇಷಣದ ಹಿಂದೆ ಬಂದಾಗ ಅದು ಎಣಿಕೆ ಬಿಟ್ಟು ‘ಬಹಳ’ ಎಂಬ ಅರ್ಥ ಕೊಡುವುದುಂಟು: ‘ಥ್ರೈಸ್ ಬ್ಲೆಸ್ಡ್’ ಎಂದರೆ ಪರಮಧನ್ಯ. ‘ಇನ್ ಎ ಟ್ರೈಸ್’ ಎಂಬ ನುಡಿಗಟ್ಟಿನ ಟ್ರೈಸ್ ಮಾತ್ರ ಬೇರೆಯೇ ಪದ. ಎಳೆ ಎಂಬರ್ಥದ ಡಚ್ ಧಾತುವಿನಿಂದ ಬಂದದ್ದು.

ಇಂದು ಬ್ರಿಟನ್, ಅಮೆರಿಕಗಳ ದಿನಬಳಕೆಯಲ್ಲಿ ‘ತ್ರೀ ಟೈಮ್ಸ್’ ಮುಂದಾಗಿ, ಥ್ರೈಸ್ ಹಳಗಾಲದ ಪದದಂತೆ ಕೇಳಿಸುತ್ತದೆ. ಭಾರತದ ಇಂಗ್ಲಿಷಿನಲ್ಲಿ ಹಾಗಲ್ಲ. ಪತ್ರಿಕೆ, ಕಚೇರಿ, ಶಾಲೆಗಳಲ್ಲಿ ಅದು ಈಗಲೂ ಸಾಮಾನ್ಯ ಮಾತು.