ಆಕರಸೂಚಿಯ ಸ್ಥಿರತೆ: ಶಾಸನಸಂಖ್ಯೆಯಿಂದ ಡಿಒಐವರೆಗೆ

ಆಕರವನ್ನು ಉಲ್ಲೇಖಿಸುವುದೆಂದರೆ ಮುಂದಿನ ಸಂಶೋಧಕನು ಅದೇ ಆಕರವನ್ನು ತಲಪುವಂತೆ ದಾರಿ ತೋರುವುದು. ಕನ್ನಡ ಶಾಸನಾಧ್ಯಯನದಲ್ಲಿ ಇಂತಹ ದಾರಿಯನ್ನು ವ್ಯವಸ್ಥಿತವಾಗಿ ನಿರ್ಮಿಸಿದವರು ಬಿ.ಎಲ್. ರೈಸ್. 1886ರಿಂದ ಪ್ರಕಟವಾಗತೊಡಗಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಬಹುಪಾಲು ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ವಿಂಗಡಿಸಿ ಪ್ರತಿಯೊಂದಕ್ಕೂ ಸಂಖ್ಯೆ ನೀಡಲಾಯಿತು. ಸಂಪುಟ, ತಾಲ್ಲೂಕು, ಸಂಖ್ಯೆ ಇಷ್ಟನ್ನು ಹೇಳಿದರೆ ಶಾಸನ ದೊರೆಯುತ್ತಿತ್ತು.

ಆದರೆ ಈ ಸಂಖ್ಯೆಗಳು ಸ್ಥಿರವಾಗಿ ಉಳಿಯಲಿಲ್ಲ. ಶ್ರವಣಬೆಳಗೊಳ ಸಂಪುಟವು ಇದಕ್ಕೆ ಉತ್ತಮ ನಿದರ್ಶನ. ರೈಸ್ ಅವರ 1889ರ ಆವೃತ್ತಿಯಲ್ಲಿದ್ದ ಶಾಸನಗಳು 144. ಆರ್. ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ ಅವು 500ಕ್ಕೆ ಏರಿದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಪರಿಷ್ಕೃತ ಆವೃತ್ತಿಯಲ್ಲಿ 573 ಆದವು. ಹೊಸ ಶಾಸನಗಳು ಸೇರಿದಂತೆ ಕ್ರಮವೂ ಬದಲಾಯಿತು. ಶಾಂತಲದೇವಿಯ ಮರಣವನ್ನು ತಿಳಿಸುವ ಶಾಸನವು ರೈಸ್ ಆವೃತ್ತಿಯಲ್ಲಿ 53, ನರಸಿಂಹಾಚಾರ್ಯರಲ್ಲಿ 143. ಆದುದರಿಂದಲೇ ವಿದ್ವಾಂಸರು ‘143 (53)’ ಎಂದು ಎರಡನ್ನೂ ಬರೆಯಬೇಕಾಯಿತು. ಇಲ್ಲಿ ದೋಷ ಸಂಪಾದಕರದಲ್ಲ. ಗ್ರಂಥದಲ್ಲಿ ಶಾಸನವಿರುವ ಸ್ಥಾನವನ್ನು ಸೂಚಿಸುವ ಸಂಖ್ಯೆಯೇ ಅದರ ಗುರುತೂ ಆಗಿದ್ದುದು ತೊಡಕಿನ ಮೂಲ.

ಅಂತರಜಾಲದಲ್ಲಿ ಇದೇ ತೊಡಕು ಮರುಕಳಿಸಿತು. ಜಾಲವಿಳಾಸವು ಲೇಖನವಿರುವ ಸ್ಥಾನವನ್ನಷ್ಟೇ ಹೇಳುತ್ತದೆ. ತಾಣ ಬದಲಾದರೆ ಉಲ್ಲೇಖ ವ್ಯರ್ಥವಾಗುತ್ತದೆ. ಇದಕ್ಕೆ ಪರಿಹಾರವಾಗಿ 1997ರಲ್ಲಿ ಪ್ರಕಾಶಕರ ಮುಂದಿಡಲಾದ ಡಿಒಐ ಪದ್ಧತಿಯು ಗುರುತನ್ನೂ ಸ್ಥಾನವನ್ನೂ ಬೇರ್ಪಡಿಸಿತು. ಗುರುತು ಬದಲಾಗದು, ಅದಕ್ಕೆ ಹೊಂದಿದ ವಿಳಾಸವು ನೋಂದಣಿಯಲ್ಲಿರುತ್ತದೆ. ಲೇಖನವು ಬೇರೆಡೆಗೆ ಹೋದಾಗ ಪ್ರಕಾಶಕನು ನೋಂದಣಿಯನ್ನಷ್ಟೇ ತಿದ್ದಬೇಕು. 2000ದಲ್ಲಿ ಪ್ರಕಾಶಕರೇ ಕೂಡಿ ಕ್ರಾಸ್‌ರೆಫ್ ಸಂಸ್ಥೆಯನ್ನು ಸ್ಥಾಪಿಸಿದರು. 2012ರಲ್ಲಿ ಡಿಒಐ ಅಂತರರಾಷ್ಟ್ರೀಯ ಮಾನಕವಾಯಿತು. ಅದೇ ವರ್ಷ ಲೇಖಕರಿಗಾಗಿ ಆರ್ಕಿಡ್, 2019ರಲ್ಲಿ ಸಂಶೋಧನ ಸಂಸ್ಥೆಗಳಿಗಾಗಿ ಆರ್‌ಒಆರ್ ಬಂದವು. ಒಂದೇ ಹೆಸರನ್ನು ರೋಮನ್ ಲಿಪಿಯಲ್ಲಿ ಹಲವು ಬಗೆಯಾಗಿ ಬರೆಯಲಾಗುವ ಕನ್ನಡ ಲೇಖಕರಿಗೆ ಆರ್ಕಿಡ್‌ನ ಉಪಯೋಗ ವಿಶೇಷವಾದುದು.

ಗುರುತುಗಳು ಹೆಚ್ಚಿದಂತೆ ಸಣ್ಣ ಪತ್ರಿಕೆಗಳಿಗೆ ಶುಲ್ಕ ಹಾಗೂ ನಿರ್ವಹಣೆಯ ಹೊರೆ ಹೆಚ್ಚುತ್ತದೆಂಬುದನ್ನು ಅಲ್ಲಗಳೆಯಲಾಗದು. ಆದುದರಿಂದ ಪ್ರತಿಯೊಂದು ಸಂಸ್ಥೆಯೂ ತನ್ನದೇ ಸಂಖ್ಯಾಕ್ರಮವನ್ನು ಹೂಡುವುದಕ್ಕಿಂತ, ಎಲ್ಲರಿಗೂ ತೆರೆದಿರುವ ಕೆಲವೇ ನೋಂದಣಿಗಳನ್ನು ಹಂಚಿಕೊಳ್ಳುವುದು ಲೇಸು. ಆರ್‌ಒಆರ್ ದತ್ತಾಂಶವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂಬುದು ಈ ದೃಷ್ಟಿಯಿಂದ ಗಮನಾರ್ಹ.

ಆದರೂ ಯಾವ ಸಂಖ್ಯೆಯೂ ತನ್ನಷ್ಟಕ್ಕೆ ತಾನೇ ಶಾಶ್ವತವಲ್ಲ. ನೋಂದಣಿಯನ್ನು ತಿದ್ದುವವರಿಲ್ಲದಿದ್ದರೆ ಡಿಒಐ ಕೂಡ ಓದುಗನನ್ನು ಬರಿಯ ಪುಟಕ್ಕೆ ಒಯ್ಯುತ್ತದೆ. ಹಳೆಯ ಸಂಖ್ಯೆಯನ್ನು ಆವರಣದಲ್ಲಿ ಉಳಿಸಿದ ಸಂಪಾದಕರ ಶ್ರಮದಿಂದಲೇ ಒಂದು ಶತಮಾನದ ಹಿಂದಿನ ಉಲ್ಲೇಖಗಳು ಇಂದಿಗೂ ನಮ್ಮನ್ನು ಶಾಸನದೆಡೆಗೆ ಒಯ್ಯುತ್ತವೆ. ಕನ್ನಡದ ಪ್ರಕಾಶನ ಸಂಸ್ಥೆಗಳೂ ಗ್ರಂಥಾಲಯಗಳೂ ವಹಿಸಿಕೊಳ್ಳಬೇಕಾದ ಹೊಣೆ ಇದೇ.